ಮೇಷ್ಟರ ಟಿಪ್ಪಣಿ ಪುಸ್ತಕವೂ ಗಣಕಯಂತ್ರದ ಚೌಕಗಳೂ

ಸಂಜೆ ಐದೂವರೆ ಮೀರಿದೆ. ಹಳೆ ಮೈಸೂರು ಸೀಮೆಯ ಜಿಲ್ಲಾ ಕೇಂದ್ರವೊಂದರ ಸ್ವಾಯತ್ತ ಕಾಲೇಜು. ವಿದ್ಯಾರ್ಥಿಗಳೆಲ್ಲ ಬಸ್ಸು ಹಿಡಿದು ಊರು ಸೇರಿದ್ದಾರೆ. ಅಟೆಂಡರು ಎರಡು ಬಾರಿ ಬಾಗಿಲ ಬಳಿಗೆ ಬಂದು, ಬೀಗದ ಕೈಗಳ ಗೊಂಚಲನ್ನು ಸದ್ದು ಮಾಡಿ ಹಿಂದಿರುಗಿದ್ದಾರೆ. ಒಳಗೆ ಅಧ್ಯಾಪಕರ ಕೊಠಡಿಯಲ್ಲಿ, ಇಪ್ಪತ್ತನಾಲ್ಕು ವರ್ಷಗಳಿಂದ ಕನ್ನಡ ಬೋಧಿಸುತ್ತ ಬಂದಿರುವ ಹಿರಿಯರೊಬ್ಬರು ಗಣಕಯಂತ್ರದ ಎದುರು ಕುಳಿತಿದ್ದಾರೆ. ಎಡಗೈಯ ಬಳಿ ರಟ್ಟು ಕಿತ್ತುಹೋದ ಟಿಪ್ಪಣಿ ಪುಸ್ತಕ. ಅದರ ಹಾಳೆಗಳ ಅಂಚು ಹಳದಿಗಟ್ಟಿ, ಮುಟ್ಟಿದರೆ ಉದುರುವಂತಿವೆ. ಪರದೆಯ ಮೇಲೆ ವಾಕ್ಯವೊಂದು ಅರ್ಧಕ್ಕೆ ನಿಂತಿದೆ: “ಈ ಪತ್ರಿಕೆಯ ಅಧ್ಯಯನವು ಮುಗಿದ ಬಳಿಕ ವಿದ್ಯಾರ್ಥಿಯು...” ಉಳಿದರ್ಧವನ್ನು ತುಂಬಬೇಕಾದವರು ಅವರು. ತುಂಬುವ ತನಕ ಯಂತ್ರವು ಮುಂದಿನ ಪುಟವನ್ನು ತೆರೆಯದು.

“ಏನು ಬರೆಯಲಪ್ಪ ಇಲ್ಲಿ? ಪಾಸಾಗುತ್ತಾನೆ ಎಂದು ಬರೆಯಲೇ?” ಎಂದು ಅವರು ಪಕ್ಕದಲ್ಲಿ ನಿಂತಿದ್ದ ತರುಣರನ್ನು ಕೇಳಿದರು.

“ಬೇಡಿ ಸಾರ್. ಆ ಕ್ರಿಯಾಪದ ಪಟ್ಟಿಯಲ್ಲಿಲ್ಲ,” ಎಂದರು ತರುಣರು, ನಗದೆಯೇ.

ಆ ತರುಣರು ಗಣಕ ವಿಜ್ಞಾನದ ಅತಿಥಿ ಉಪನ್ಯಾಸಕರು. ತಮ್ಮ ವಿಭಾಗದ ಕೆಲಸವನ್ನು ಮುಗಿಸಿ, ಕನ್ನಡ, ಇತಿಹಾಸ, ಅರ್ಥಶಾಸ್ತ್ರ ವಿಭಾಗಗಳ ಹಿರಿಯರಿಗೆಲ್ಲ ಈ ಹೊಸ ತಂತ್ರಾಂಶವನ್ನು ಹೇಳಿಕೊಡುವ ಹೊಣೆ ಹೇಗೋ ಅವರ ತಲೆಗೆ ಬಂದಿತ್ತು. ಹೀಗೆ ಹೊಣೆ ಹೊರಿಸುವ ಲಿಖಿತ ಆದೇಶವೇನೂ ಇರಲಿಲ್ಲ. ಇಂಥ ಕೆಲಸಗಳಿಗೆ ಸಾಮಾನ್ಯವಾಗಿ ಇರುವುದೂ ಇಲ್ಲ.

ತಂತ್ರಾಂಶ ಕೇಳುವುದೇನು?

ಮಗನೋ ಮಗಳೋ ಕಾಲೇಜಿನಲ್ಲಿ ಏನು ಓದುತ್ತಾರೆಂಬುದನ್ನು ಯಾರು ಗೊತ್ತುಪಡಿಸುತ್ತಾರೆ ಎಂಬ ಪ್ರಶ್ನೆಯನ್ನು ತಂದೆತಾಯಿಗಳು ಕೇಳುವುದು ಅಪರೂಪ. ಶುಲ್ಕವೆಷ್ಟು, ಹಾಜರಿ ಎಷ್ಟು, ಅಂಕವೆಷ್ಟು ಎಂಬಲ್ಲಿಗೆ ವಿಚಾರಣೆ ಮುಗಿಯುತ್ತದೆ. ವಿಶ್ವವಿದ್ಯಾನಿಲಯಕ್ಕೆ ಸೇರಿದ ಸಾಮಾನ್ಯ ಕಾಲೇಜುಗಳಲ್ಲಿ ಪಠ್ಯಕ್ರಮವನ್ನು ನಿರ್ಣಯಿಸುವುದು ಅಧ್ಯಯನ ಮಂಡಳಿ. ಅದರ ಮೇಲೆ ವಿದ್ಯಾವಿಷಯಕ ಪರಿಷತ್ತಿನ ಒಪ್ಪಿಗೆ ಬೀಳಬೇಕು. ಸ್ವಾಯತ್ತ ಕಾಲೇಜಿಗಾದರೋ ತನ್ನದೇ ಅಧ್ಯಯನ ಮಂಡಳಿಗಳಿರುತ್ತವೆ. ಅಲ್ಲಿಯ ಅಧ್ಯಾಪಕನಿಗೆ ಬರೆದುಕೊಟ್ಟದ್ದನ್ನು ಪಾಠ ಮಾಡುವುದರ ಜೊತೆಗೆ, ಪಾಠವನ್ನು ಬರೆಯುವ ಅಧಿಕಾರವೂ ಉಂಟು. ಆ ಅಧಿಕಾರ ಮೊದಲು ಎರಡು ಹಾಳೆಗಳಲ್ಲಿ ಚಲಾಯಿಸಲ್ಪಡುತ್ತಿತ್ತು. ಪತ್ರಿಕೆಯ ಹೆಸರು, ನಾಲ್ಕು ಭಾಗಗಳು, ಪಠ್ಯಪುಸ್ತಕ, ಪರಾಮರ್ಶನ ಗ್ರಂಥಗಳು, ಇಷ್ಟು ಬರೆದರೆ ಮುಗಿಯಿತು. ಸಭೆ ಕೂಡಿ, ಕಾಫಿ ಕುಡಿದು, “ಕವಿಯ ಜಾಗದಲ್ಲಿ ಈ ಕವಿ ಇರಲಿ” ಎಂಬಷ್ಟರ ಚರ್ಚೆ ನಡೆದು ಸಹಿ ಬೀಳುತ್ತಿತ್ತು.

ಈಗಿನ ತಂತ್ರಾಂಶ ಅಷ್ಟಕ್ಕೆ ತೃಪ್ತವಾಗುವಂಥದಲ್ಲ. ಪತ್ರಿಕೆಗೆ ನಾಲ್ಕು ಕ್ರೆಡಿಟ್ ಎಂದು ನಮೂದಿಸಿದರೆ, ವಾರಕ್ಕೆ ನಾಲ್ಕು ಗಂಟೆಯಂತೆ ಹದಿನೈದು ವಾರಗಳಿಗೆ ಅರವತ್ತು ಗಂಟೆಯ ಲೆಕ್ಕವನ್ನು ಅದು ತಾನೇ ಹಾಕುತ್ತದೆ. ಘಟಕಗಳಿಗೆ ಹಂಚಿದ ಗಂಟೆಗಳು ಐವತ್ತೆಂಟಾದರೆ ಕೆಂಪು ಗೆರೆ. ಅರವತ್ತೆರಡಾದರೂ ಕೆಂಪು ಗೆರೆ. ಆಮೇಲೆ ‘ಕಲಿಕೆಯ ಫಲಿತಗಳು’ ಬರುತ್ತವೆ. ಒಂದೊಂದು ಪತ್ರಿಕೆಗೂ ಐದು ಫಲಿತಗಳನ್ನು ಬರೆಯಬೇಕು. ಒಂದೊಂದೂ ಅಳೆಯಬಹುದಾದ ಕ್ರಿಯಾಪದವನ್ನು ಹೊಂದಿರಬೇಕು. ಆ ಕ್ರಿಯಾಪದ ಆರು ಮೆಟ್ಟಿಲುಗಳಲ್ಲಿ ಎಷ್ಟನೆಯದಕ್ಕೆ ಸೇರಿದ್ದೆಂದು ಗುರುತಿಸಬೇಕು. ಅದಾದ ಮೇಲೆ ದೊಡ್ಡ ಕೋಷ್ಟಕ. ಎಡಗಡೆ ಪತ್ರಿಕೆಯ ಫಲಿತಗಳು, ಮೇಲುಗಡೆ ಇಡೀ ಪದವಿಯ ಗುರಿಗಳು. ಫಲಿತ ಐದು, ಗುರಿ ಹತ್ತು ಎಂದಿಟ್ಟುಕೊಂಡರೂ ಐವತ್ತು ಚೌಕಗಳು. ಪ್ರತಿಯೊಂದು ಚೌಕದಲ್ಲಿಯೂ ಸಂಬಂಧ ದುರ್ಬಲವಾದರೆ ಒಂದು, ಮಧ್ಯಮವಾದರೆ ಎರಡು, ಪ್ರಬಲವಾದರೆ ಮೂರು, ಏನೂ ಇಲ್ಲದಿದ್ದರೆ ಅಡ್ಡಗೆರೆ. ಪರೀಕ್ಷೆ ಮುಗಿದ ಮೇಲೆ ಯಾವ ಪ್ರಶ್ನೆ ಯಾವ ಫಲಿತಕ್ಕೆ ಸೇರಿದ್ದು, ಅದರಲ್ಲಿ ಎಷ್ಟು ಮಂದಿಗೆ ಎಷ್ಟು ಅಂಕ ಎಂಬುದನ್ನು ತುಂಬಿದರೆ, ಫಲಿತ ಎಷ್ಟರ ಮಟ್ಟಿಗೆ ‘ಸಿದ್ಧಿಸಿತು’ ಎಂಬ ದಶಮಾಂಶದ ಅಂಕಿಯೊಂದು ಕೆಳಗೆ ಮೂಡುತ್ತದೆ.

ಇದು ಕೆಲವರಿಗೆ ಲೀಲೆ. ವಾಣಿಜ್ಯ ವಿಭಾಗದವರು ಎರಡು ಸಂಜೆಗಳಲ್ಲಿ ಮುಗಿಸಿ ಎದ್ದರು. ‘ವಿದ್ಯಾರ್ಥಿಯು ಪಾಲುದಾರಿಕೆಯ ಸಂಸ್ಥೆಯ ಅಂತಿಮ ಲೆಕ್ಕಪತ್ರಗಳನ್ನು ಸಿದ್ಧಪಡಿಸುವನು’ ಎಂದು ಬರೆಯಲು ಕಷ್ಟವೇನಿದೆ? ಸಿದ್ಧಪಡಿಸಿದನೋ ಇಲ್ಲವೋ ಎಂಬುದು ಉತ್ತರಪತ್ರಿಕೆಯಲ್ಲೇ ಕಾಣುತ್ತದೆ. ತೊಡಕು ಹುಟ್ಟುವುದು ಬೇರೆ ಕಡೆ.

ಲಿಪಿಯ ಸಂಕಟ

ಕನ್ನಡ ಅಧ್ಯಾಪಕರ ಮೊದಲ ತೊಡಕು ತತ್ತ್ವಕ್ಕೆ ಸಂಬಂಧಿಸಿದ್ದಾಗಿರಲಿಲ್ಲ, ಅಕ್ಷರಕ್ಕೆ ಸಂಬಂಧಿಸಿದ್ದಾಗಿತ್ತು. ಅವರು ಹತ್ತು ಹದಿನೈದು ವರ್ಷಗಳಿಂದ ಪ್ರಶ್ನಪತ್ರಿಕೆ, ಪಠ್ಯಕ್ರಮ, ಲೇಖನಗಳನ್ನೆಲ್ಲ ‘ನುಡಿ’ಯ ಹಳೆಯ ಅಕ್ಷರಶೈಲಿಯಲ್ಲಿ ಬೆರಳಚ್ಚು ಮಾಡಿಟ್ಟಿದ್ದರು. ಹಳೆಯ ಕನ್ನಡ ಅಕ್ಷರಶೈಲಿಗಳ ಗುಟ್ಟೇನೆಂದರೆ, ಅವು ರೋಮನ್ ಅಕ್ಷರಗಳಿಗೆ ಮೀಸಲಾದ ಜಾಗಗಳಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದಂಥವು. ಕಣ್ಣಿಗೆ ಕನ್ನಡ, ಯಂತ್ರದ ಲೆಕ್ಕಕ್ಕೆ ಇಂಗ್ಲಿಷಿನ ಚೂರುಪಾರು. ಅಲ್ಲಿಂದ ನಕಲು ಮಾಡಿ ತಂತ್ರಾಂಶದ ಚೌಕದಲ್ಲಿ ಅಂಟಿಸಿದೊಡನೆ ರನ್ನ, ನಾಗಚಂದ್ರರೆಲ್ಲ ಮಾಯವಾಗಿ, ತಲೆಯ ಮೇಲೆ ಚುಕ್ಕಿ ಗೆರೆಗಳನ್ನು ಹೊತ್ತ ವಿಚಿತ್ರ ರೋಮನ್ ಅಕ್ಷರಗಳ ಸಾಲು ಎದ್ದುನಿಂತಿತು.

ಜಗತ್ತಿನ ಲಿಪಿಗಳಿಗೆಲ್ಲ ಒಂದೊಂದು ಸ್ವಂತ ಸ್ಥಾನವನ್ನು ಕೊಡುವ ಯೂನಿಕೋಡ್ ವ್ಯವಸ್ಥೆಯಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಲ್ಲಿಯೇ ಜಾಗ ದೊರೆತಿತ್ತು. ಆದರೆ ಕಚೇರಿ, ಮುದ್ರಣಾಲಯ, ಕಾಲೇಜುಗಳು ಹಳೆಯ ಅಕ್ಷರಶೈಲಿಯನ್ನು ಬಿಡಲು ಬಹುಕಾಲ ಹಿಡಿಯಿತು. ಹಿರಿಯರ ಮನೆಯಲ್ಲಿ ಈ ಗಂಟನ್ನು ಬಿಡಿಸಿದವಳು ಬಿ.ಕಾಂ. ಓದುತ್ತಿದ್ದ ಮಗಳು. “ಅಪ್ಪಾ, ಇದನ್ನು ಮೊದಲು ಪರಿವರ್ತಕದಲ್ಲಿ ಹಾಕಿ ಯೂನಿಕೋಡಿಗೆ ತಿರುಗಿಸಬೇಕು. ನೀನು ಮತ್ತೆ ಮೊದಲಿನಿಂದ ಕುಟ್ಟಬೇಡ,” ಎಂದು ಅವಳು ಒಂದು ರಾತ್ರಿಯಲ್ಲಿ ಹದಿನೆಂಟು ಪುಟಗಳನ್ನು ತಿರುಗಿಸಿಕೊಟ್ಟಳು. ತಿರುಗಿಸಿದ್ದರಲ್ಲಿ ಒತ್ತಕ್ಷರಗಳು ಅಲ್ಲಲ್ಲಿ ಮುರಿದಿದ್ದವು. ಅರ್ಕಾವೊತ್ತು ಪಕ್ಕದ ಅಕ್ಷರಕ್ಕೆ ಹಾರಿತ್ತು. ಹಳಗನ್ನಡದ ಱ, ೞ ಎರಡಕ್ಕೂ ಯೂನಿಕೋಡಿನಲ್ಲಿ ಜಾಗವಿದೆಯಾದರೂ ಕಾಲೇಜಿನ ಒಂದು ಹಳೆಯ ಯಂತ್ರದಲ್ಲಿ ೞಕಾರ ಬರಬೇಕಾದ ಕಡೆಯೆಲ್ಲ ಬರಿದಾದ ಚೌಕ ಕಾಣುತ್ತಿತ್ತು. ರನ್ನನನ್ನು ಅಚ್ಚುಕಟ್ಟಾಗಿ ಓದಬೇಕೆನ್ನುವವರಿಗೆ ಇದು ಅಲ್ಪವಾದ ನೋವಲ್ಲ. ತಿದ್ದುವುದಕ್ಕೆ ಒಂದು ವಾರ ಹಿಡಿಯಿತು.

ಮೆಟ್ಟಿಲುಗಳು ಬಂದ ದಾರಿ

ಆರು ಮೆಟ್ಟಿಲುಗಳೆಂದೆವಲ್ಲ, ಅವು ಯಾವುದೋ ತಂತ್ರಾಂಶದ ಕಂಪನಿಯವರು ಕಲ್ಪಿಸಿಕೊಂಡವಲ್ಲ. ಅಮೆರಿಕದ ರಾಲ್ಫ್ ಟೈಲರ್ 1949ರಲ್ಲಿ ಪಠ್ಯಕ್ರಮವನ್ನು ಕುರಿತು ಒಂದು ಸಣ್ಣ ಪುಸ್ತಕವನ್ನು ಬರೆದು ನಾಲ್ಕು ಪ್ರಶ್ನೆಗಳನ್ನು ಮುಂದಿಟ್ಟರು: ಉದ್ದೇಶವೇನು, ಅದಕ್ಕೆ ತಕ್ಕ ಅನುಭವಗಳಾವುವು, ಅವನ್ನು ಅಳವಡಿಸುವ ಕ್ರಮವೇನು, ಉದ್ದೇಶ ಈಡೇರಿತೆಂದು ತಿಳಿಯುವುದು ಹೇಗೆ? ಷಿಕಾಗೋ ವಿಶ್ವವಿದ್ಯಾನಿಲಯದ ಬೆಂಜಮಿನ್ ಬ್ಲೂಮ್ ಮತ್ತವರ ಸಂಗಡಿಗರು 1956ರಲ್ಲಿ ಈ ‘ಉದ್ದೇಶ’ಗಳನ್ನು ಆರು ತರಗತಿಗಳಾಗಿ ವಿಂಗಡಿಸಿದರು. ಅವರೆಲ್ಲ ಹೆಚ್ಚಾಗಿ ಪರೀಕ್ಷಾ ವಿಭಾಗಗಳ ಜನ. ಒಂದು ವಿಶ್ವವಿದ್ಯಾನಿಲಯದವರು ತಯಾರಿಸಿದ ಪ್ರಶ್ನೆಗಳನ್ನು ಇನ್ನೊಂದರವರು ಬಳಸಿಕೊಳ್ಳಬೇಕಾದರೆ, ಯಾವ ಪ್ರಶ್ನೆ ಏನನ್ನು ಪರೀಕ್ಷಿಸುತ್ತದೆಂಬುದಕ್ಕೆ ಸಮಾನವಾದ ಹೆಸರುಗಳು ಬೇಕಾಗಿದ್ದವು. ಪ್ರಶ್ನೆಗಳ ಉಗ್ರಾಣಕ್ಕೆ ಚೀಟಿ ಅಂಟಿಸುವ ಕೆಲಸವದು ಎಂದರೆ ಅನಾದರವೆಂದು ಭಾವಿಸಬೇಕಾಗಿಲ್ಲ. 2001ರಲ್ಲಿ ಈ ವಿಂಗಡಣೆಯನ್ನು ಪರಿಷ್ಕರಿಸಿದಾಗ ಆರು ನಾಮಪದಗಳು ಆರು ಕ್ರಿಯಾಪದಗಳಾದವು: ಸ್ಮರಿಸು, ಗ್ರಹಿಸು, ಅನ್ವಯಿಸು, ವಿಶ್ಲೇಷಿಸು, ಮೌಲ್ಯ ನಿರ್ಣಯಿಸು, ಸೃಷ್ಟಿಸು.

ಭಾರತಕ್ಕೆ ಇದು ಹೊಸ ನೆಂಟಸ್ತಿಕೆಯೂ ಅಲ್ಲ. 1957ರಲ್ಲಿ ಬ್ಲೂಮ್ ಅವರೇ ನಮ್ಮ ದೇಶಕ್ಕೆ ಬಂದು, ಪ್ರೌಢಶಿಕ್ಷಣದ ಪರೀಕ್ಷಾ ಪದ್ಧತಿಯ ಸುಧಾರಣೆಗಾಗಿ ಅಧ್ಯಾಪಕರ ಕಮ್ಮಟಗಳನ್ನು ನಡೆಸಿದ್ದರು. ಇಂದು ತಂತ್ರಾಂಶದ ಎದುರು ಬೆವರುವ ಅಧ್ಯಾಪಕರ ತಂದೆಯ ಕಾಲದಲ್ಲಿಯೇ ಬ್ಲೂಮರ ಮೆಟ್ಟಿಲುಗಳು ಪ್ರಶ್ನಪತ್ರಿಕೆಯ ನೀಲನಕ್ಷೆಯ ರೂಪದಲ್ಲಿ ಶಾಲೆಗಳಿಗೆ ನುಗ್ಗಿದ್ದವು. ಕಾಲೇಜಿನ ಬಾಗಿಲನ್ನು ಅವು ತಟ್ಟಿದ್ದು ತಡವಾಗಿ. 2014ರಲ್ಲಿ ಭಾರತವು ವಾಷಿಂಗ್ಟನ್ ಒಪ್ಪಂದದ ಪೂರ್ಣ ಸದಸ್ಯತ್ವ ಪಡೆದ ಮೇಲೆ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಫಲಿತಾಧಾರಿತ ಶಿಕ್ಷಣದ ಕೋಷ್ಟಕಗಳು ಬೇರೂರಿದವು. ಬೆಂಗಳೂರಿನಲ್ಲಿ ನೆಲೆಯುಳ್ಳ, 1994ರಲ್ಲಿ ಸ್ಥಾಪಿತವಾದ ‘ನ್ಯಾಕ್’ ಸಂಸ್ಥೆಯ ಮೌಲ್ಯಾಂಕನದಲ್ಲಿ ಮೊಟ್ಟಮೊದಲ ಮಾನದಂಡವೇ ಪಠ್ಯಕ್ರಮಕ್ಕೆ ಸಂಬಂಧಿಸಿದ್ದು. ಮೌಲ್ಯಾಂಕನಕ್ಕೆ ಸಾಕ್ಷ್ಯ ಬೇಕು, ಸಾಕ್ಷ್ಯಕ್ಕೆ ಕಡತ ಬೇಕು. ಕಡತ ಬೆಟ್ಟದಷ್ಟಾದಾಗ ತಂತ್ರಾಂಶ ಬಂತು.

ಯಂತ್ರದ ಮುಂದೆ ಅಧ್ಯಾಪಕ ಗಲಿಬಿಲಿಗೊಳ್ಳುವುದೂ ಹಳೆಯ ಕಥೆಯೇ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾನಿಲಯದಲ್ಲಿ 1960ರಲ್ಲಿ ಆರಂಭವಾದ ‘ಪ್ಲೇಟೋ’ ಎಂಬ ಗಣಕ ಬೋಧನ ವ್ಯವಸ್ಥೆಯಲ್ಲಿ ಪಾಠ ಬರೆಯುವುದಕ್ಕೆ ಮೊದಮೊದಲು ಯಂತ್ರತಜ್ಞರೇ ಬೇಕಾಗಿದ್ದರು. 1967ರ ಸುಮಾರಿಗೆ ಪ್ರಾಣಿಶಾಸ್ತ್ರದ ಸಂಶೋಧನ ವಿದ್ಯಾರ್ಥಿಯಾಗಿದ್ದ ಪಾಲ್ ಟೆನ್‌ಜಾರ್ ಎಂಬವರು, ಸಾಮಾನ್ಯ ಅಧ್ಯಾಪಕನೂ ತನ್ನ ಪಾಠವನ್ನು ತಾನೇ ಬರೆಯಬಲ್ಲಂಥ ‘ಟ್ಯೂಟರ್’ ಎಂಬ ಸರಳ ಗಣಕಭಾಷೆಯನ್ನು ರೂಪಿಸಿದರು. ಅಲ್ಲಿ ಯಂತ್ರವನ್ನು ಅಧ್ಯಾಪಕನ ಬಳಿಗೆ ತರುವ ಯತ್ನ ನಡೆಯಿತು. ನಮ್ಮಲ್ಲಿಯ ಬಹುಪಾಲು ತಂತ್ರಾಂಶಗಳು ಅಧ್ಯಾಪಕನಿಗೆಂದು ಹುಟ್ಟಿದವಲ್ಲ. ಪರಿಶೀಲನೆಗೆ ಬರುವ ಸಮಿತಿಗೆಂದು ಹುಟ್ಟಿದವು. ವ್ಯತ್ಯಾಸವನ್ನು ಬಳಸಿದವರೇ ಬಲ್ಲರು.

ದುರ್ಯೋಧನ ಯಾವ ಚೌಕದಲ್ಲಿ?

ಕರ್ನಾಟಕದಲ್ಲಿ ಈ ಒತ್ತಡ ಒಮ್ಮೆಲೇ ಏರಿದ್ದು 2021ರಲ್ಲಿ. ಆ ವರ್ಷದ ಆಗಸ್ಟ್ 7ರ ಸರ್ಕಾರಿ ಆದೇಶದಂತೆ ರಾಷ್ಟ್ರೀಯ ಶಿಕ್ಷಣ ನೀತಿ 2021–22ರಿಂದಲೇ ಪದವಿ ತರಗತಿಗಳಿಗೆ ಜಾರಿಗೆ ಬಂತು. ರಾಜ್ಯ ಉನ್ನತ ಶಿಕ್ಷಣ ಪರಿಷತ್ತು ವಿಷಯವಾರು ಸಮಿತಿಗಳಿಂದ ಮಾದರಿ ಪಠ್ಯಕ್ರಮಗಳನ್ನು ಮಾಡಿಸಿತು. ಅದೇ ಕಾಲಕ್ಕೆ ಪ್ರವೇಶ, ಪರೀಕ್ಷೆ, ಅಂಕಪಟ್ಟಿಗಳಿಗೆ ಏಕೀಕೃತ ವಿಶ್ವವಿದ್ಯಾಲಯ ಮತ್ತು ಕಾಲೇಜು ನಿರ್ವಹಣಾ ವ್ಯವಸ್ಥೆ, ಸರ್ಕಾರಿ ಕಾಲೇಜುಗಳಿಗೆ ಕಲಿಕಾ ನಿರ್ವಹಣಾ ವ್ಯವಸ್ಥೆ, ಹೀಗೆ ಒಂದರ ಹಿಂದೊಂದು ಜಾಲತಾಣಗಳೂ ಗುಪ್ತಪದಗಳೂ ಬಂದವು. ಕೊರೋನಾ ಹಾವಳಿಯಲ್ಲಿ ಮೊಬೈಲಿನ ಎದುರು ಒಬ್ಬರೇ ಕುಳಿತು ಪಾಠ ಹೇಳಿ ದಣಿದಿದ್ದ ಅಧ್ಯಾಪಕವರ್ಗಕ್ಕೆ ಉಸಿರಾಡಲು ಬಿಡುವಿರಲಿಲ್ಲ.

ನಮ್ಮ ಹಿರಿಯರು ಪದವಿಯ ಹಳಗನ್ನಡ ಪತ್ರಿಕೆಗೆ ರನ್ನನ ಗದಾಯುದ್ಧದ ಭಾಗವನ್ನು ಇಟ್ಟಿದ್ದರು. ರಣರಂಗದಲ್ಲಿ ಹೆಣಗಳ ನಡುವೆ ನಡೆದುಬರುವ ದುರ್ಯೋಧನ ತನ್ನವರಿಗಾಗಿ ಮರುಗುವುದು ಸಹಜ. ಆದರೆ ಅವನು ವೈರಿಯ ಮಗನಾದ ಅಭಿಮನ್ಯುವಿನ ಕಳೇಬರದ ಮುಂದೆಯೂ ನಿಂತು ಆ ಬಾಲಕನ ಶೌರ್ಯಕ್ಕೆ ತಲೆಬಾಗುತ್ತಾನೆ. ಇಪ್ಪತ್ತನಾಲ್ಕು ವರ್ಷಗಳಲ್ಲಿ ಆ ಭಾಗಕ್ಕೆ ಬಂದಾಗಲೆಲ್ಲ ತರಗತಿ ತಾನಾಗಿ ಸದ್ದಡಗುವುದನ್ನು ಅವರು ಕಂಡಿದ್ದರು. ಹಿಂದಿನ ಬೆಂಚಿನಲ್ಲಿ ಕುಳಿತು ಕಿಟಕಿಯಾಚೆ ನೋಡುತ್ತಿದ್ದವನೂ ಈಚೆ ತಿರುಗುತ್ತಿದ್ದ. ಆ ಮೌನಕ್ಕಾಗಿಯೇ ಅವರು ಈ ಪಠ್ಯವನ್ನು ಆರಿಸಿದ್ದರೆಂದರೂ ತಪ್ಪಾಗದು.

ಫಲಿತದ ಚೌಕದಲ್ಲಿ ಅವರು ಮೊದಲು ಬರೆದದ್ದು, ‘ವಿದ್ಯಾರ್ಥಿಯು ಶತ್ರುವಿನ ದುಃಖವನ್ನೂ ಅರಿಯುವನು’ ಎಂದು. ತರಬೇತಿಗೆ ಬಂದಿದ್ದ ತಜ್ಞರು ಒಪ್ಪಲಿಲ್ಲ. ‘ಅರಿ’, ‘ತಿಳಿ’, ‘ಆಸ್ವಾದಿಸು’, ‘ಮೆಚ್ಚು’, ಇವೆಲ್ಲ ಅಳತೆಗೆ ಸಿಗದ ಕ್ರಿಯಾಪದಗಳು, ಬಳಸಕೂಡದು ಎಂದರು. ಆರು ಮೆಟ್ಟಿಲುಗಳಲ್ಲಿ ಎರಡನೆಯದರ ಹೆಸರೇ ಗ್ರಹಿಸು ಎಂದಿರುವಾಗ, ‘ಗ್ರಹಿಸುವನು’ ಎಂದು ಬರೆಯಲೂ ಅನುಮತಿಯಿಲ್ಲ. ‘ವಿವರಿಸುವನು’ ಎಂದು ಬರೆಯಬೇಕು! ಕಡೆಗೆ ಚೌಕದಲ್ಲಿ ನಿಂತದ್ದು: ‘ಪಠ್ಯಭಾಗದಲ್ಲಿ ಕರುಣರಸದ ಅಭಿವ್ಯಕ್ತಿಯನ್ನು ವಿಶ್ಲೇಷಿಸುವನು, ಮೆಟ್ಟಿಲು ನಾಲ್ಕು.’ ಯಂತ್ರ ಹಸುರು ಗುರುತು ತೋರಿಸಿತು. ತಪ್ಪೇನೂ ಇಲ್ಲದ ವಾಕ್ಯ. ಆದರೆ ಕರುಣರಸವನ್ನು ನಾಲ್ಕು ಪುಟಗಳಲ್ಲಿ ವಿಶ್ಲೇಷಿಸಿ ಹದಿನಾರಕ್ಕೆ ಹದಿನಾಲ್ಕು ಅಂಕ ಗಳಿಸಿದವನು, ಹೊರಗೆ ಬಂದು ಎದುರು ತಂಡದ ಹುಡುಗನನ್ನು ಹೊಡೆಯುವುದಕ್ಕೆ ಈ ವಾಕ್ಯದಿಂದ ಅಡ್ಡಿಯಿಲ್ಲ.

ಇಲ್ಲಿ ಒಂದು ಮಾತನ್ನು ಮರೆಯಬಾರದು. ಬ್ಲೂಮ್ ಬಳಗದವರು ಬುದ್ಧಿಯ ವ್ಯಾಪಾರವನ್ನು ವಿಂಗಡಿಸಿ ಸುಮ್ಮನಾದವರಲ್ಲ. 1964ರಲ್ಲಿ ಭಾವವಲಯಕ್ಕೆಂದೇ ಎರಡನೆಯ ಸಂಪುಟವೊಂದು ಹೊರಬಂದಿತು. ಕಿವಿಗೊಡುವುದು, ಸ್ಪಂದಿಸುವುದು, ಬೆಲೆಯನ್ನು ಒಪ್ಪಿಕೊಳ್ಳುವುದು, ಅದು ಕ್ರಮೇಣ ನಡತೆಯಾಗುವುದು, ಇಂಥ ಮೆಟ್ಟಿಲುಗಳು ಅದರಲ್ಲಿವೆ. ರನ್ನನ ಪಾಠಕ್ಕೆ ಅದಕ್ಕಿಂತ ಹೊಂದುವ ಏಣಿ ಬೇರೆ ಇಲ್ಲ. ಆ ಕಾಲೇಜಿನ ತಂತ್ರಾಂಶದ ಆಯ್ಕೆಪಟ್ಟಿಯಲ್ಲಿ ಮಾತ್ರ ಮೊದಲನೆಯ ಸಂಪುಟದ ಮೆಟ್ಟಿಲುಗಳಷ್ಟೇ ಇದ್ದವು. ಎಣಿಕೆಗೆ ಸುಲಭವಾಗಿ ಸಿಕ್ಕಿದ್ದು ಉಳಿಯಿತು.

ಅಂಕಿ ಹೇಳಿದ ಕಹಿಮಾತು

ಹಾಗೆಂದು ಯಂತ್ರವನ್ನು ಬರಿದೇ ಹಳಿಯುವುದು ನ್ಯಾಯವಾಗದು. ಎರಡನೆಯ ಸೆಮಿಸ್ಟರು ಮುಗಿದು ಅಂಕಗಳನ್ನು ತುಂಬಿದಾಗ, ಹಿರಿಯರ ಪತ್ರಿಕೆಯಲ್ಲಿ ನಾಲ್ಕು ಫಲಿತಗಳ ಅಂಕಿ ಒಂದು ಮಟ್ಟದಲ್ಲಿದ್ದರೆ, ಒಂದರದು ಮಾತ್ರ ತೀರ ಕೆಳಗೆ ಬಿದ್ದಿತ್ತು. ಅದು ‘ಅಪರಿಚಿತ ಹಳಗನ್ನಡ ಪದ್ಯವನ್ನು ಅನ್ವಯಿಸಿ ಗದ್ಯಾನುವಾದ ಮಾಡುವನು’ ಎಂಬ ಫಲಿತ. ಅವರಿಗೆ ನಂಬಿಕೆ ಬರಲಿಲ್ಲ. ತರಗತಿಯಲ್ಲಿ ತಾವು ಅತ್ಯಂತ ಚೆನ್ನಾಗಿ ಕಲಿಸುವುದು ಅದನ್ನೇ ಎಂದು ಅವರು ತಿಳಿದಿದ್ದರು. ಉತ್ತರಪತ್ರಿಕೆಗಳನ್ನು ಮತ್ತೆ ತೆರೆದು ನೋಡಿದರು. ವಿಷಯ ಸ್ಪಷ್ಟವಾಯಿತು. ತಾವು ಬರೆಸಿದ ಸಾರಾಂಶವನ್ನು ಹುಡುಗರು ಚೆನ್ನಾಗಿ ಒಪ್ಪಿಸಿದ್ದರು; ಬರೆಸದ ಪದ್ಯವನ್ನು ಕೊಟ್ಟರೆ ಸಂಧಿಯನ್ನು ಬಿಡಿಸಲೂ ಅವರಿಗೆ ಬರುತ್ತಿರಲಿಲ್ಲ. ಅಂದರೆ ಅಷ್ಟು ವರ್ಷ ಅರ್ಥ ಮಾಡಿಕೊಂಡವರು ಮೇಷ್ಟರೊಬ್ಬರೇ. ತರಗತಿ ಅದನ್ನು ಬರೆದುಕೊಂಡಿತ್ತು.

ಆ ರಾತ್ರಿ ಊಟಕ್ಕೆ ಕುಳಿತಾಗ ಅವರು ಹೆಂಡತಿಯೊಡನೆ, “ನೋಡು, ಯಂತ್ರವೊಂದು ನನ್ನ ಮಾನ ಕಳೆಯಿತು,” ಎಂದರಂತೆ. “ಹೋಗಲಿ ಬಿಡಿ, ಮಕ್ಕಳ ಮುಂದೆ ಕಳೆಯಲಿಲ್ಲವಲ್ಲ,” ಎಂದು ಆಕೆ ಸಾರು ಬಡಿಸಿದರು. ಮರುವರ್ಷ ಅವರು ಸಾರಾಂಶ ಬರೆಸುವುದನ್ನು ಕೈಬಿಟ್ಟರು. ವಾರಕ್ಕೊಂದು ಗಂಟೆ, ಯಾವ ಕೈಪಿಡಿಯಲ್ಲಿಯೂ ಸಿಗದ ಪದ್ಯವೊಂದನ್ನು ಹಲಗೆಯ ಮೇಲೆ ಬರೆದು, ಇಬ್ಬಿಬ್ಬರನ್ನು ಜೊತೆ ಕೂರಿಸಿ, ಗಟ್ಟಿಯಾಗಿ ಓದಿಸಿ, ಪದ ಬಿಡಿಸಿ, ಅನ್ವಯ ಮಾಡಿಸತೊಡಗಿದರು. ತರಗತಿಯಲ್ಲಿ ಗದ್ದಲ ಹೆಚ್ಚಿತು. ಪಠ್ಯದ ಮೂರು ಭಾಗಗಳನ್ನು ಬಿಡಬೇಕಾಯಿತು. ಅರವತ್ತು ಗಂಟೆಯ ಲೆಕ್ಕ ಹೊಂದಿಸಲು ಮತ್ತೆ ಅಧ್ಯಯನ ಮಂಡಳಿಗೆ ಹೋಗಬೇಕಾಯಿತು. ಅಂಕಿ ಮೇಲೇರಿದ್ದು ಸ್ವಲ್ಪವೇ. ಆದರೆ ಈ ಬಾರಿ ಆ ಅಂಕಿಯನ್ನು ಅವರೇ ತೆರೆದು ನೋಡಿದರು. ಯಾರೂ ಹೇಳಬೇಕಾಗಿ ಬರಲಿಲ್ಲ.

ಎಲ್ಲ ಕಡೆಯೂ ಹೀಗೆ ನಡೆಯುತ್ತದೆಂದು ತಿಳಿಯುವುದು ಭ್ರಮೆ. ಫಲಿತಗಳನ್ನು ನೆರೆಯ ಕಾಲೇಜಿನಿಂದ ನಕಲು ಮಾಡುವುದು, ಐವತ್ತು ಚೌಕಗಳಲ್ಲಿಯೂ ಎರಡನ್ನೇ ತುಂಬುವುದು, ಪರಿಶೀಲನಾ ಸಮಿತಿ ಬರುವ ಹಿಂದಿನ ವಾರ ಮೂರು ವರ್ಷಗಳ ಅಂಕಿಗಳನ್ನು ಒಟ್ಟಿಗೆ ಹುಟ್ಟಿಸುವುದು, ಇವು ಅಧ್ಯಾಪಕರ ಕೊಠಡಿಗಳಲ್ಲಿ ಗುಟ್ಟಾಗಿ ಉಳಿದ ವಿಷಯಗಳಲ್ಲ. ಇತ್ತೀಚೆಗೆ ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳು ಬಂದ ಮೇಲೆ ನಕಲು ಮಾಡುವ ಶ್ರಮವೂ ತಪ್ಪಿದೆ. ಪತ್ರಿಕೆಯ ಹೆಸರನ್ನು ಕೊಟ್ಟರೆ ಕ್ಷಣಾರ್ಧದಲ್ಲಿ ಐದು ಫಲಿತಗಳು ಮೆಟ್ಟಿಲುಗಳ ಸಮೇತ ಸಿದ್ಧ. ಒಂದು ಯಂತ್ರ ಬರೆಯುತ್ತದೆ, ಇನ್ನೊಂದು ಯಂತ್ರ ಹಸುರು ಗುರುತು ಹಾಕುತ್ತದೆ. ನಡುವೆ ಅಧ್ಯಾಪಕನಿಗೆ ಅಂಚೆಯವನ ಪಾತ್ರ. ವೇಳೆ ಉಳಿಯಿತೆಂದು ಸಂತೋಷಪಡುವವರಿದ್ದಾರೆ. ಸಾರಾಂಶ ಬರೆದುಕೊಂಡ ವಿದ್ಯಾರ್ಥಿಗೂ ಹೀಗೆ ಫಲಿತ ಬರೆದುಕೊಂಡ ಅಧ್ಯಾಪಕನಿಗೂ ಹೆಚ್ಚಿನ ಅಂತರವಿಲ್ಲವೆಂಬುದು ಹಿರಿಯರ ಕುಹಕ.

ಮತ್ತೆ ತೆರೆದ ಪುಟ

2024ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ, ಪ್ರೊಫೆಸರ್ ಸುಖದೇವ್ ಥೋರಟ್ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗದ ಮಧ್ಯಂತರ ವರದಿಯನ್ನು ಅನುಸರಿಸಿ, ಮೂರು ವರ್ಷದ ಪದವಿಯನ್ನು ಮರಳಿ ತಂದಿತು. ನೀತಿಗಳ ಗುಣದೋಷ ಬೇರೆಯ ಚರ್ಚೆ. ಅಧ್ಯಾಪಕರ ಮಟ್ಟಿಗೆ ಆದದ್ದು ಇಷ್ಟು: 2024–25ರಲ್ಲಿ ಮೊದಲನೆಯ ವರ್ಷದವರಿಗೆ ಹೊಸ ಕ್ರಮ, ಎರಡನೆಯ ಮತ್ತು ಮೂರನೆಯ ವರ್ಷದವರಿಗೆ 2021ರಲ್ಲಿ ಬಂದ ಕ್ರಮ. ಬೆಳಗ್ಗೆ ಹತ್ತು ಗಂಟೆಗೆ ಒಂದು ಕ್ರಮದಲ್ಲಿ ಪಾಠ, ಹನ್ನೊಂದಕ್ಕೆ ಇನ್ನೊಂದರಲ್ಲಿ. ಮೂರೇ ವರ್ಷಗಳ ಹಿಂದೆ ಬೆವರು ಸುರಿಸಿ ತುಂಬಿದ ಚೌಕಗಳೆಲ್ಲ ‘ಹಳೆಯ ಆವೃತ್ತಿ’ ಎಂಬ ಬೂದುಬಣ್ಣದ ಪಟ್ಟಿಗೆ ಸರಿದವು.

ಹಿರಿಯರು ಮತ್ತೆ ಯಂತ್ರದ ಎದುರು ಕುಳಿತರು. ಈ ಸಾರಿ ಲಿಪಿಯ ಕಾಟವಿರಲಿಲ್ಲ. ಯೂನಿಕೋಡಿನಲ್ಲಿ ಅವರ ಬೆರಳು ಮಗಳ ಬೆರಳಿನಷ್ಟಲ್ಲದಿದ್ದರೂ ತಕ್ಕಮಟ್ಟಿಗೆ ಓಡುತ್ತಿತ್ತು. ಗದಾಯುದ್ಧವನ್ನು ಹೊಸ ಪಠ್ಯದಲ್ಲಿಯೂ ಉಳಿಸಿಕೊಂಡರು. ನಾಲ್ಕು ಫಲಿತಗಳನ್ನು ಯಂತ್ರ ಮೆಚ್ಚುವಂತೆ ಬರೆದು, ಐದನೆಯದರಲ್ಲಿ ‘ಶತ್ರುವಿನ ಶೋಕವನ್ನು ಕವಿ ಚಿತ್ರಿಸಿದ ಬಗೆಯನ್ನು ತನ್ನ ಕಾಲದ ಒಂದು ಘಟನೆಯೊಡನೆ ಹೋಲಿಸಿ ಬರೆಯುವನು’ ಎಂದು ಬೆರಳಚ್ಚು ಮಾಡಿದರು. ಹೋಲಿಸು ಎಂಬುದು ಪಟ್ಟಿಯಲ್ಲಿದ್ದ ಕ್ರಿಯಾಪದ. ತಜ್ಞರೂ ಸುಮ್ಮನಿದ್ದರು. ಅಧ್ಯಯನ ಮಂಡಳಿಯ ಸಭೆಯಲ್ಲಿ ಈ ಒಂದು ಸಾಲಿನ ಮೇಲೆ ಮುಕ್ಕಾಲು ಗಂಟೆ ವಾದ ನಡೆಯಿತು. ಯಾವ ಘಟನೆಯನ್ನು ಹೋಲಿಸಬಹುದು, ಹುಡುಗರು ಊರಿನ ಜಗಳವನ್ನೇ ಬರೆದರೆ ಅಂಕ ಕೊಡುವುದು ಹೇಗೆ, ರಾಜಕೀಯವನ್ನು ತಂದರೆ ಏನು ಗತಿ? ಹಳೆಯ ದಿನಗಳ ಎರಡು ಹಾಳೆಯ ಪಠ್ಯಕ್ರಮಕ್ಕೆ ಇಂಥ ವಾದ ನಡೆದದ್ದು ಯಾರ ನೆನಪಿನಲ್ಲಿಯೂ ಇರಲಿಲ್ಲ.

ಪಠ್ಯಕ್ರಮ ಒಪ್ಪಿಗೆ ಪಡೆದು ಪ್ರಕಟವಾದಾಗ ಅದರ ಮೊದಲ ಪುಟದಲ್ಲಿ ಮಂಡಳಿಯ ಸದಸ್ಯರ ಹೆಸರುಗಳಿದ್ದವು. ಆರು ವಿಭಾಗಗಳ ಕೋಷ್ಟಕಗಳನ್ನು ಸಂಜೆಗಳ ಮೇಲೆ ಸಂಜೆ ಕುಳಿತು ತುಂಬಿಸಿದ್ದ ಗಣಕ ವಿಜ್ಞಾನದ ತರುಣರ ಹೆಸರನ್ನು ಹಾಕಲು ಅಲ್ಲಿ ಚೌಕವಿರಲಿಲ್ಲ. ಹಿರಿಯರು ಪ್ರಾಂಶುಪಾಲರನ್ನು ಕೇಳಿ, ಕೊನೆಯ ಪುಟದಲ್ಲಿ ಕೃತಜ್ಞತೆಯ ಒಂದು ಸಾಲನ್ನು ಸೇರಿಸಿದರು. ಮುಂದಿನ ವರ್ಷಕ್ಕೆ ಆ ತರುಣರನ್ನು ಮುಂದುವರಿಸುವ ಆದೇಶ ಆ ಹೊತ್ತಿಗೆ ಇನ್ನೂ ಬಂದಿರಲಿಲ್ಲ. ಅವರು ಎಂದಿನಂತೆ ಸಂಜೆ ಐದಕ್ಕೆ ಬಂದು, ಇತಿಹಾಸ ವಿಭಾಗದವರಿಗೆ ಮರೆತುಹೋದ ಗುಪ್ತಪದವನ್ನು ಬದಲಿಸಿಕೊಡುತ್ತಿದ್ದರು.